ಹಾಸನದಿಂದ ನಾಗರಭಾವಿಗೆ: ಸೋಲೂರು ಬಂದ ಮೇಲೆ ಯಾವ ದಾರಿ?

ಅವ್ವನ ಮಂಡಿನೋವಿನ ಚಿಕಿತ್ಸೆ ಶುರುವಾದಾಗಿನಿಂದ ತಿಂಗಳಿಗೆರಡು ಸಲ ಹಾಸನದಿಂದ ಬೆಂಗಳೂರಿಗೆ ಕಾರು ಓಡಿಸುತ್ತಿದ್ದೇನೆ. ಇಳಿದುಕೊಳ್ಳುವುದು ನಾಗರಭಾವಿಯ ತಂಗಿ ಮನೆಯಲ್ಲಿ. ಸುಮಾರು 185 ಕಿ.ಮೀ. ದಾರಿ. ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್ ತನಕ ತಕರಾರಿಲ್ಲ. ಕಷ್ಟವೆಲ್ಲ ಕೊನೆಯ ಐವತ್ತು ಕಿಲೋಮೀಟರಿನದು. ಅದಕ್ಕೇ ಸೋಲೂರಿನಲ್ಲಿ ಗಡಿಯಾರ ನೋಡಿಕೊಂಡು ಒಂದೊಂದು ದಾರಿಯಲ್ಲೂ ಮೂರ್ನಾಲ್ಕು ಸಲ ಹೋಗಿ ನೋಡಿದೆ.

ನೆಲಮಂಗಲ, ಪೀಣ್ಯ, ಗೊರಗುಂಟೆಪಾಳ್ಯದಲ್ಲಿ ಬಲಕ್ಕೆ ರಿಂಗ್ ರೋಡ್, ಲಗ್ಗೆರೆ, ಸುಮನಹಳ್ಳಿ. ಇದು ಎಲ್ಲರಿಗೂ ಗೊತ್ತಿರುವ ದಾರಿ. ಸೋಮವಾರ ಬೆಳಗ್ಗೆ ಎರಡು ಗಂಟೆ ಹಿಡಿಯಿತು. ಬ್ರೇಕ್ ಒತ್ತಿದಾಗಲೆಲ್ಲ ಅವ್ವ ಕಾಲು ಬಿಗಿಹಿಡಿದು ಕೂರುತ್ತಾಳೆ, ಮನೆ ಸೇರುವ ಹೊತ್ತಿಗೆ ಮಂಡಿ ಊದಿರುತ್ತದೆ. ಬೆಳಗಿನ ಆರಕ್ಕೆ ಮೊದಲೇ ಪೀಣ್ಯ ದಾಟುವವರಿಗೆ ಸರಿ, ನಮಗಲ್ಲ.

ಮಾದಾವರದಲ್ಲಿ ನೈಸ್ ರಸ್ತೆ ಹತ್ತಿ ಮಾಗಡಿ ರಸ್ತೆಯಲ್ಲಿ ಇಳಿದರೆ ಒಂದು ಗಂಟೆ ಹತ್ತು ನಿಮಿಷ. ಟೋಲ್ ಕೈಗೆ ಸ್ವಲ್ಪ ಭಾರವೇ. ಆದರೂ ರಾತ್ರಿ ಅಥವಾ ಮಳೆಯಲ್ಲಿ ಬೇರೆ ಯೋಚನೆ ಮಾಡುವುದಿಲ್ಲ.

ಹಗಲಿನಲ್ಲಿ ಮಾತ್ರ ನನ್ನ ಮನಸ್ಸು ಮಾಗಡಿ ಕಡೆಗೇ. ಸೋಲೂರಿನಲ್ಲೇ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿ ಮಾಗಡಿ, ಆಮೇಲೆ ತಾವರೆಕೆರೆ. ದೂರ ಹತ್ತು ಕಿಲೋಮೀಟರಿನಷ್ಟು ಹೆಚ್ಚು, ಹೊತ್ತು ಒಂದೂವರೆ ಗಂಟೆ. ರಸ್ತೆ ಕಿರಿದು, ತಿರುವು ಬಹಳ, ಊರೂರಿಗೂ ಹಂಪು. ಆದರೆ ಕಾರು ನಿಲ್ಲುವುದಿಲ್ಲ, ಒಂದೇ ಹದದಲ್ಲಿ ಸಾಗುತ್ತದೆ. ಗಂಟೆಗೊಮ್ಮೆ ಕಾಲಾಡಿಸಿ ಎಂದು ಡಾಕ್ಟರು ಹೇಳಿದ್ದಾರೆ, ನೆಲಮಂಗಲ, ಪೀಣ್ಯದ ಆ ತುಮಕೂರು ರಸ್ತೆಯಲ್ಲಿ ಎಲ್ಲಿ ನಿಲ್ಲಿಸಲಿ? ಮಾಗಡಿಯಲ್ಲಿ ಮರದ ನೆರಳು ಸಿಗುತ್ತದೆ. ಸೊಗಡಿನ ಕಾಲ ಬಂತೆಂದರೆ ಅವ್ವನೇ ಇಳಿದು, ಮಾಗಡಿ ಅವರೆಕಾಯಿಯನ್ನು ಮೂಗಿಗೆ ಹಿಡಿದು ನೋಡಿ, ತಂಗಿ ಮನೆಗೆಂದು ಎರಡು ಕೆ.ಜಿ. ತೂಗಿಸುತ್ತಾಳೆ. ಒಕ್ಕಣೆ ದಿನಗಳಲ್ಲಿ ಎಚ್ಚರ ಬೇಕು. ರಸ್ತೆ ಮೇಲೆ ಹುರುಳಿ, ರಾಗಿ ಹಾಸಿರುತ್ತಾರೆ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ನಾನೊಮ್ಮೆ ಇಪ್ಪತ್ತು ನಿಮಿಷ ಕಾರಿನಡಿ ಮಲಗಿ ಬಿಡಿಸಿದ್ದೇನೆ. ಕತ್ತಲಾದ ಮೇಲಂತೂ ಈ ದಾರಿ ಬೇಡ.

ನೈಸ್‌ನಿಂದ ಇಳಿದರೂ ಮಾಗಡಿಯಿಂದ ಬಂದರೂ ಬ್ಯಾಡರಹಳ್ಳಿ ದಾಟಿದ ಮೇಲೆ ಒಂದೇ ಗೋಳು, ಸುಂಕದಕಟ್ಟೆ. ಅಲ್ಲಿಗೆ ಹೋಗಬೇಡಿ. ಹೇರೋಹಳ್ಳಿ ಕ್ರಾಸ್‌ನಲ್ಲೇ ಬಲಕ್ಕೆ ತಿರುಗಿ ಮಲ್ಲತ್ತಹಳ್ಳಿ ಮೇಲೆ ನಾಗರಭಾವಿಗೆ ನುಗ್ಗಬಹುದು. ತಂಗಿಯ ಗಂಡ ತೋರಿಸಿಕೊಟ್ಟ ದಾರಿ ಇದು, ಸುಂಕದಕಟ್ಟೆಗಿಂತ ಕಾಲು ಗಂಟೆ ಬೇಗ. ಒಳಗಿನ ಬೀದಿಗಳಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಹೊಸಿಲ ಮುಂದೆ ರಂಗೋಲಿ ಇರುತ್ತದೆ. ನಾನು ಎರಡನೇ ಗೇರು ದಾಟುವುದಿಲ್ಲ, ಹಾರನ್ ಮುಟ್ಟುವುದಿಲ್ಲ. ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಸ್ಕೂಲ್ ವ್ಯಾನುಗಳು ಓಡಾಡುವುದರಿಂದ, ಆ ಹೊತ್ತಿಗೆ ಬಂದರೆ ತಾವರೆಕೆರೆಯಲ್ಲೇ ನಿಲ್ಲಿಸಿ ಅವ್ವನಿಗೆ ತಿಂಡಿ ಕೊಡಿಸಿಬಿಡುತ್ತೇನೆ.