ಅಕಾಡೆಮಿ ಓಟು ‘ಚಿದಂಬರ ರಹಸ್ಯ’ಕ್ಕೆ, ನನ್ನ ಓಟು ‘ಕರ್ವಾಲೊ’ಗೆ

ತೇಜಸ್ವಿಯವರ ಈ ಎರಡು ಕಾದಂಬರಿಗಳು ನಮ್ಮ ಮನೆಯಲ್ಲಿ ಅಕ್ಕಪಕ್ಕ ಇವೆ. 1980ರ ‘ಕರ್ವಾಲೊ’ ಬೈಂಡು ಬಿಟ್ಟು ಟೇಪು ಹಚ್ಚಿಸಿಕೊಂಡಿದೆ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ ಇನ್ನೂ ಹೊಸದರ ಹಾಗೇ ಇದೆ. ನನ್ನ ಒಲವು ಯಾವ ಕಡೆ ಅಂತ ಗೊತ್ತಾಯ್ತಲ್ವಾ?

‘ಚಿದಂಬರ ರಹಸ್ಯ’ ತಂದಿದ್ದು ಪ್ರಶಸ್ತಿ ನೋಡಿಯೇ. ಕೆಟ್ಟ ಪುಸ್ತಕ ಖಂಡಿತ ಅಲ್ಲ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಗುಟ್ಟು ಹುಡುಕುತ್ತಾ ತನಿಖೆಗೆ ಬಂದ ಅಂಗಡಿ ಎಂಬ ಅಧಿಕಾರಿ ಕೆಸರೂರಿನಲ್ಲಿ ಅಲೆಯುವ ಭಾಗ ಪತ್ತೇದಾರಿ ಕಥೆಯ ಹಾಗೆ ಓದಿಸಿಕೊಳ್ಳುತ್ತದೆ.

ತೊಂದರೆ ಏನೆಂದರೆ, ನಾನು ಓದುವುದು ಬಸ್ಸಿನಲ್ಲಿ. ಸೀಟು ಸಿಕ್ಕಿದರೆ ನಾಲ್ಕು ಪುಟ, ಇಲ್ಲದಿದ್ದರೆ ಇಲ್ಲ. ಇಲ್ಲಿ ನೋಡಿದರೆ ತನಿಖೆ ಒಂದು ಕಡೆ, ಕಾಲೇಜು ಹುಡುಗರ ಕ್ರಾಂತಿ ಇನ್ನೊಂದು ಕಡೆ, ರಫಿ–ಜಯಂತಿ ಪ್ರೇಮ ಮತ್ತೊಂದು ಕಡೆ. ಜೊತೆಗೆ ಊರಿನ ಜಾತಿ-ಧರ್ಮದ ಜಗಳ ಬೇರೆ. ನಡುವೆ ಒಂದೆರಡು ದಿನ ಬಿಟ್ಟರೆ ಯಾರು ಯಾರ ಕಡೆಯವರು ಅನ್ನೋದೇ ಮರೆತುಹೋಗುತ್ತದೆ. ಹಿಂದಕ್ಕೆ ತಿರುವಿ ಹುಡುಕುವಷ್ಟರಲ್ಲಿ ನನ್ನ ಸ್ಟಾಪು ಬಂದಿರುತ್ತದೆ.

ಕೊನೆಗೆ ಬಸ್ ಟಿಕೆಟಿನ ಹಿಂದೆ ಹೆಸರುಗಳನ್ನು ಬರೆದಿಟ್ಟುಕೊಂಡೆ. ಅದೂ ಎಲ್ಲೋ ಬಿದ್ದುಹೋಯ್ತು. ತೀರ್ಪುಗಾರರು ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಓದಿರಲಿಕ್ಕಿಲ್ಲ ಬಿಡಿ. ಆದರೂ ಕೊನೆಯ ಬೆಂಕಿಗೆ ಬರುವ ಹೊತ್ತಿಗೆ ಅಷ್ಟೂ ಎಳೆ ಯಾಕೆ ಬೇಕಿತ್ತು ಅಂತ ತಿಳಿಯುತ್ತದೆ. ಪ್ರಶಸ್ತಿಗೆ ನನ್ನ ತಕರಾರಿಲ್ಲ.

‘ಕರ್ವಾಲೊ’ ಓದಲು ಚೀಟಿ ಬೇಡ. ಎಲ್ಲಿ ಬಿಟ್ಟಿದ್ದರೂ ಮಂದಣ್ಣ ಸಿಗುತ್ತಾನೆ. ಊರವರ ಲೆಕ್ಕದಲ್ಲಿ ಅವನು ಉಂಡಾಡಿ. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಮಾತ್ರ ಕಾಡನ್ನು ಬಲ್ಲ ಜಾಣ. ಹಾರುವ ಓತಿ ಹುಡುಕಲು ಹೊರಡುವ ತಂಡದಲ್ಲಿ ಬಿರಿಯಾನಿ ಕರಿಯಪ್ಪನೂ ಇದ್ದಾನೆ, ಕಿವಿ ಅನ್ನುವ ನಾಯಿಯೂ ಇದೆ. ಸುಮ್ನೆ ಕೂತು ನಗುತ್ತಿದ್ದರೆ ಪಕ್ಕದ ಸೀಟಿನವರು ಒಂಥರಾ ನೋಡುತ್ತಾರೆ, ಅಷ್ಟೇ ಕಷ್ಟ.

ಭಾಷೆ ಎರಡರಲ್ಲೂ ಸಲೀಸು.

ಇನ್ನು ಪ್ರಶಸ್ತಿ ನಂಬಿ ಕೊಳ್ಳುವ ವಿಚಾರ. ಅಕಾಡೆಮಿ ಪ್ರಶಸ್ತಿ ಒಂದು ನಿರ್ದಿಷ್ಟ ಪುಸ್ತಕಕ್ಕೆ ಬರುತ್ತದೆ, ಹಾಗಾಗಿ ಸ್ವಲ್ಪ ನಂಬಬಹುದು. ಜ್ಞಾನಪೀಠ ಹಾಗಲ್ಲ. 1982ರಿಂದ ಅದನ್ನು ಲೇಖಕರ ಒಟ್ಟು ಸಾಹಿತ್ಯಕ್ಕೆ ಕೊಡುತ್ತಾರೆ. ಮುಖಪುಟದಲ್ಲಿ ‘ಜ್ಞಾನಪೀಠ ಪುರಸ್ಕೃತರು’ ಅಂತ ಎಷ್ಟು ದಪ್ಪಗೆ ಅಚ್ಚಾಗಿದ್ದರೂ ಕೈಯಲ್ಲಿರುವ ಪುಸ್ತಕದ ಬಗ್ಗೆ ಅದು ಏನೂ ಹೇಳುವುದಿಲ್ಲ. ನಾನೀಗ ಅಂಗಡಿಯಲ್ಲೇ ನಿಂತು ನಡುವಿನ ಎರಡು ಪುಟ ಓದಿ, ಆಮೇಲೆ ದುಡ್ಡು ಕೊಡುತ್ತೇನೆ.

ರಜೆಯಲ್ಲಿ ಒಂದೇ ಸಮ ಕೂತು ಓದುವವರು ‘ಚಿದಂಬರ ರಹಸ್ಯ’ ತಗೊಳ್ಳಿ. ತಿಂಗಳಿಗೆ ಒಂದೇ ಪುಸ್ತಕದ ಬಜೆಟ್ಟು, ಓದೋದು ನನ್ನ ಹಾಗೆ ಬಸ್ಸಲ್ಲಿ ಅನ್ನೋರು ಕಣ್ಣುಮುಚ್ಚಿ ‘ಕರ್ವಾಲೊ’ ತಗೊಳ್ಳಿ. ಎರಡೂ ಓದಿಯಾಗಿದ್ದರೆ ‘ಜುಗಾರಿ ಕ್ರಾಸ್’ ಇದೆ. ಆದರೆ ಅದನ್ನು ಹಿಡಿದು ಕೂತರೆ ಇಳಿಯುವ ಸ್ಟಾಪು ತಪ್ಪಬಹುದು.