ಸ್ಟೀಮ್ ಟ್ರೇಡಿಂಗ್ ಕಾರ್ಡು: ನಾಲ್ಕು ರೂಪಾಯಿ ಮಾಲಿನ ಜಮಾ-ಖರ್ಚು

ಮೊದಲೇ ಹೇಳಿಬಿಡ್ತೀನಿ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಕೊಂಡ ಗೇಮ್ ಆಡಿದ್ದಕ್ಕೆ ಬರೋ ಟ್ರೇಡಿಂಗ್ ಕಾರ್ಡನ್ನ, ಅಂದ್ರೆ ಕಂಪ್ಯೂಟರ್‌ನಲ್ಲೇ ಇರೋ ಚಿತ್ರದ ಕಾರ್ಡನ್ನ, ಬಂದ ಕೂಡಲೇ ಮಾರಿಬಿಡಿ. ಸೆಟ್ ಪೂರ್ತಿ ಮಾಡೋಕೆ ಹೋಗಬೇಡಿ, ಪೂರ್ತಿ ಸೆಟ್ ಕೊಟ್ಟರೆ ಸಿಗೋ ಬ್ಯಾಡ್ಜ್‌ನ ಆಸೆಯಂತೂ ಬೇಡವೇ ಬೇಡ. ಇಷ್ಟು ಸಾಕು ಅನ್ನೋರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಕೇಳೋರಿಗೆ ಮುಂದಿನ ಲೆಕ್ಕ.

ನಾನು ಮಂಡ್ಯದಲ್ಲಿ ಒಂದು ಬೆಲ್ಲದ ಮಂಡಿ, ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂಗಡಿ ಹೀಗೆ ನಾಲ್ಕೈದು ಕಡೆ ಲೆಕ್ಕ ಬರೆಯೋನು. ಹಗಲೆಲ್ಲ ಟ್ಯಾಲಿ, ಜಿಎಸ್‌ಟಿ. ರಾತ್ರಿ ಊಟ ಆದಮೇಲೆ ಒಂದು ಗಂಟೆ ಗೇಮ್. ಗೇಮಿಂಗ್ ಪಿಸಿ ಅಂತ ಜಂಬ ಕೊಚ್ಚಿಕೊಳ್ಳೋ ಹಾಗೇನಿಲ್ಲ, ಹಳೇ ಡೆಸ್ಕ್‌ಟಾಪ್‌ಗೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದು ಅಷ್ಟೆ. ಆಡೋದು ಊರು ಕಟ್ಟೋ, ಬೇಸಾಯ ಮಾಡೋ ನಿಧಾನದ ಆಟಗಳು. ಕಬ್ಬಿನ ಗದ್ದೆ ಮಧ್ಯೆ ಹುಟ್ಟಿದೋನು ದುಡ್ಡು ಕೊಟ್ಟು ಕಂಪ್ಯೂಟರ್‌ನಲ್ಲಿ ಉಳ್ತಾನಲ್ಲ ಅಂತ ಅಕ್ಕ ನಗ್ತಾಳೆ. ವಿ.ಸಿ. ನಾಲೇಲಿ ನೀರು ಬಿಡ್ತಾರೋ ಇಲ್ವೋ ಅಂತ ಕಾಯೋ ತಾಪತ್ರಯ ಅಲ್ಲಿಲ್ಲ, ಅದೇ ಅದರ ಸುಖ.

ಈ ಕಾರ್ಡ್ ವ್ಯವಸ್ಥೇನ ಸ್ಟೀಮ್ ನಡೆಸೋ ವಾಲ್ವ್ ಕಂಪನಿ 2013ರಲ್ಲಿ ಶುರು ಮಾಡ್ತು. ಗೇಮ್ ಆಡ್ತಾ ಇದ್ದ ಹಾಗೆ ನಡುನಡುವೆ ಒಂದೊಂದು ಕಾರ್ಡ್ ನಿಮ್ಮ ಖಾತೆಗೆ ಬಂದು ಬೀಳುತ್ತೆ. ಒಂದು ಗೇಮ್‌ನ ಸೆಟ್ಟಿನಲ್ಲಿ 5ರಿಂದ 15 ಕಾರ್ಡ್ ಇರುತ್ತೆ. ಆಡಿದ್ದಕ್ಕೆ ಸಿಗೋದು ಸುಮಾರು ಅರ್ಧ. ಆಮೇಲೆ ನೀವು ಸಾವಿರ ಗಂಟೆ ಆಡಿದರೂ ಮಿಕ್ಕಿದ್ದು ಹಾಗೆ ಬರೋದಿಲ್ಲ. ಬೇರೆಯವರ ಹತ್ತಿರ ಅದಲು ಬದಲು ಮಾಡ್ಕೋಬೇಕು, ಇಲ್ಲ ಸ್ಟೀಮ್‌ನದ್ದೇ ಮಾರ್ಕೆಟ್‌ನಲ್ಲಿ ಕೊಳ್ಳಬೇಕು, ಅದೂ ಇಲ್ಲ ಅಂದ್ರೆ ಅದೃಷ್ಟ ಇದ್ದಾಗ ಬರೋ ಬೂಸ್ಟರ್ ಪ್ಯಾಕ್ ಅನ್ನೋ ಕಾರ್ಡಿನ ಪೊಟ್ಟಣಕ್ಕೆ ಕಾಯಬೇಕು. ಪುಕ್ಕಟೆ ಗೇಮ್ ಆದರೆ ಆಡಿದ್ದಕ್ಕೆ ಏನೂ ಇಲ್ಲ, ಅದರೊಳಗೆ ದುಡ್ಡು ಖರ್ಚು ಮಾಡಿದರೆ ಮಾತ್ರ ಕಾರ್ಡ್. ಅರ್ಧ ಸೆಟ್ ಕೈಗೆ ಕೊಟ್ಟು ಇನ್ನರ್ಧಕ್ಕೆ ಅಂಗಡಿ ಬಾಗಿಲು ತೋರಿಸೋದು ಬಹುಮಾನವೋ ವ್ಯಾಪಾರವೋ ನೀವೇ ಹೇಳಿ.

ಮಾರೋದು ಹೇಗೆ ಅಂತ ನೋಡೋಣ. ಮೊನ್ನೆ ಒಂದು ಕಾರ್ಡ್ ಬಂತು, ಮೇಲೆ ಹಳದಿ ಟ್ರ್ಯಾಕ್ಟರ್ ಚಿತ್ರ, ಚೆನ್ನಾಗೇ ಬರೆದಿದ್ದಾರೆ. ಅದರ ಮೇಲೆ ಒತ್ತಿ, 'ಮಾರು' ಅಂತ ಕೊಟ್ಟರೆ ಒಂದು ಕಿಟಕಿ ತೆರೆಯುತ್ತೆ. ಮೇಲುಗಡೆ ಆ ಕಾರ್ಡಿನ ಬೆಲೆ ಹೇಗೆ ಏರಿಳಿದಿದೆ ಅನ್ನೋ ಗ್ರಾಫು. ಕೆಳಗೆ ಎರಡು ಡಬ್ಬಿ: ನಿಮಗೆ ಸಿಗೋದು ಎಷ್ಟು, ಕೊಳ್ಳೋನು ಕೊಡೋದು ಎಷ್ಟು. ಒಂದರಲ್ಲಿ ಅಂಕಿ ತುಂಬಿದರೆ ಇನ್ನೊಂದು ತಾನೇ ತುಂಬಿಕೊಳ್ಳುತ್ತೆ. ಷರತ್ತು ಒಪ್ಪಿದೆ ಅಂತ ಟಿಕ್ ಹಾಕಿ, ಮೊಬೈಲ್ ಆಪ್‌ನಲ್ಲಿ ಒಮ್ಮೆ ಖಾತ್ರಿ ಮಾಡಿದರೆ ಮಾಲು ಮಾರ್ಕೆಟ್‌ಗೆ ಹೋಯ್ತು. ಮೊಬೈಲ್ ಆಪ್ ಜೋಡಿಸಿಲ್ಲ ಅಂದ್ರೆ 15 ದಿನದವರೆಗೂ ತಡೆ ಹಿಡೀತಾರೆ. ಕಳ್ಳರಿಂದ ಕಾಪಾಡೋಕೆ ಇಟ್ಟ ನಿಯಮ, ನನಗೆ ತಕರಾರಿಲ್ಲ.

ಆ ಎರಡು ಡಬ್ಬಿಗಳ ನಡುವಿನ ವ್ಯತ್ಯಾಸ ನನ್ನಂಥೋನ ಕಣ್ಣಿಗೆ ಬೀಳದೇ ಇರುತ್ತಾ? ಮಾರಿದವನಿಗೆ 100 ರೂಪಾಯಿ ಸಿಗಬೇಕಾದ್ರೆ ಕೊಳ್ಳೋನು 115 ಕೊಡಬೇಕು. ಅದರಲ್ಲಿ 5 ಸ್ಟೀಮ್‌ಗೆ, ಸಾಮಾನ್ಯವಾಗಿ 10 ಗೇಮ್ ಕಂಪನಿಗೆ. ದೊಡ್ಡ ಮೊತ್ತದಲ್ಲಿ ಇದು ಹೆಚ್ಚು ಅನ್ನಿಸಲ್ಲ. ಆದರೆ ಕಾರ್ಡ್‌ಗಳು ದೊಡ್ಡ ಮೊತ್ತದ ಮಾಲೇ ಅಲ್ಲ, ನಮ್ಮ ರೂಪಾಯೀಲಿ ಹೆಚ್ಚಿನವು ಮೂರು, ನಾಲ್ಕು, ಐದು. ಅಮೆರಿಕದ ಖಾತೇಲಿ ಅತಿ ಕಡಿಮೆ ಬೆಲೆಯ ಸರಕು 3 ಸೆಂಟ್. ಅದರಲ್ಲಿ ಒಂದು ಸೆಂಟ್ ಸ್ಟೀಮ್‌ಗೆ, ಒಂದು ಗೇಮ್ ಕಂಪನಿಗೆ, ಮಾರಿದವನಿಗೆ ಉಳಿದ ಒಂದು. ಮೂರರಲ್ಲಿ ಎರಡು ಪಾಲು ಮಧ್ಯದಲ್ಲೇ ಹೋಯ್ತು. ಆ ಕಾರ್ಡ್ ಇವತ್ತು ಇವನ ಕೈ, ನಾಳೆ ಅವನ ಕೈ ಅಂತ ತಿರುಗಿದ ಪ್ರತಿ ಸಲವೂ ಹೀಗೇ.

ಹಾಗೆ ಸಿಕ್ಕಿದ ದುಡ್ಡೂ ಬ್ಯಾಂಕ್‌ಗೆ ಬರಲ್ಲ. ಸ್ಟೀಮ್ ವ್ಯಾಲೆಟ್‌ನಲ್ಲೇ ಕೂತಿರುತ್ತೆ. ನಮ್ಮ ಮಂಡೀಲಿ ಬೆಲ್ಲ ಮಾರಿದ ರೈತ ಪಟ್ಟಿ ತಗೊಂಡು, ದುಡ್ಡು ಎಣಿಸಿ ಜೇಬಿಗೆ ಇಟ್ಟು, ಪೇಟೆ ಬೀದೀಲಿ ತನಗೆ ಬೇಕಾದ ಅಂಗಡಿಗೆ ಹೋಗ್ತಾನೆ. ಮಂಡಿ ಸಾಹುಕಾರ "ಈ ದುಡ್ಡಲ್ಲಿ ನನ್ನ ಅಂಗಡೀಲೇ ಸಾಮಾನು ತಗೋ" ಅಂದ್ರೆ ಗಲಾಟೆ ಆಗಿಬಿಡುತ್ತೆ. ಸ್ಟೀಮ್ ಮಾಡ್ತಿರೋದು ಅದನ್ನೇ, ಆದರೂ ನಾವು ಅದನ್ನ ರಿವಾರ್ಡ್ ಅಂತೀವಿ. ಹೇಗೂ ಅಲ್ಲೇ ಗೇಮ್ ಕೊಳ್ಳೋರಿಗೆ ಇದು ನಷ್ಟವಲ್ಲ, ಅದನ್ನೂ ಹೇಳಬೇಕು. ಸೇಲ್ ಬಂದಾಗ ಚಿಲ್ಲರೆ ಚಿಲ್ಲರೆ ಸೇರಿ ಒಂದು ಸಣ್ಣ ಗೇಮ್‌ನ ಬೆಲೆ ಇಳಿಯುತ್ತೆ. ನನಗೆ ಕಂಡ ನಿಜವಾದ ಲಾಭ ಅದೊಂದೇ.

ಇನ್ನು ಬ್ಯಾಡ್ಜ್. ಎಂಟು ಕಾರ್ಡಿನ ಸೆಟ್ ಅಂದುಕೊಳ್ಳಿ. ನಾಲ್ಕು ಬಂತು, ನಾಲ್ಕು ಕೊಳ್ಳಬೇಕು, ಕಾರ್ಡ್‌ಗೆ ನಾಲ್ಕೂವರೆ ಹಿಡಿದರೆ 18 ರೂಪಾಯಿ. ಬಂದಿದ್ದ ನಾಲ್ಕನ್ನ ಮಾರಿದ್ದರೆ ಹದಿನೈದರ ಆಸುಪಾಸು ಬರ್ತಿತ್ತು, ಅದೂ ಹೋಯ್ತು. ಅಲ್ಲಿಗೆ ಒಂದು ಬ್ಯಾಡ್ಜ್‌ನ ಅಸಲು 33 ರೂಪಾಯಿ. ಕೈಯಿಂದ ಕೊಟ್ಟ 18 ಮಾತ್ರ ಖರ್ಚು ಅಂತ ಎಲ್ಲರೂ ಅಂದುಕೊಳ್ತಾರೆ. ಬಿಟ್ಟುಕೊಟ್ಟ ಹದಿನೈದನ್ನ ಯಾರೂ ಬರೆದುಕೊಳ್ಳಲ್ಲ. ಒಂದು ಬ್ಯಾಡ್ಜ್‌ಗೆ 100 ಎಕ್ಸ್‌ಪಿ, ಅಂದ್ರೆ ಖಾತೆಯ ಲೆವೆಲ್ ಏರಿಸೋ ಅಂಕ. ಮೊದಲ ಹತ್ತು ಲೆವೆಲ್‌ಗೆ ತಲಾ 100 ಸಾಕು, ಅಲ್ಲಿಂದ ಇಪ್ಪತ್ತರವರೆಗೆ ತಲಾ 200 ಬೇಕು, ಹೀಗೆ ಮೆಟ್ಟಿಲು ಎತ್ತರ ಆಗ್ತಾ ಹೋಗುತ್ತೆ. ಹತ್ತರಿಂದ ಇಪ್ಪತ್ತಕ್ಕೆ ಹೋಗೋಕೆ 20 ಬ್ಯಾಡ್ಜ್, ನನ್ನ ಲೆಕ್ಕದಲ್ಲಿ 660 ರೂಪಾಯಿ. ಸೇಲ್‌ನಲ್ಲಿ ಅಷ್ಟಕ್ಕೆ ಒಳ್ಳೊಳ್ಳೆ ಗೇಮ್ ಎರಡು ಮೂರು ಬರುತ್ತೆ.

ಅದಕ್ಕೆ ಬದಲಾಗಿ ಸಿಗೋದೇನು? ಪ್ರೊಫೈಲ್‌ಗೆ ಒಂದು ಹಿನ್ನೆಲೆ ಚಿತ್ರ, ಚಾಟ್‌ನಲ್ಲಿ ಹಾಕೋ ಒಂದು ಎಮೋಟಿಕಾನ್, ಯಾವಾಗಲಾದರೂ ಒಂದು ಕೂಪನ್. ಹತ್ತು ಲೆವೆಲ್‌ಗೆ ಒಂದು ಪ್ರದರ್ಶನದ ಜಾಗ. ಫ್ರೆಂಡ್ಸ್ ಲಿಸ್ಟಿನ ಮಿತಿ ಮೊದಲು 250, ಅದೂ ಲೆವೆಲ್ ಏರಿದ ಹಾಗೆ ಹೆಚ್ಚುತ್ತೆ. ನನ್ನ ಲಿಸ್ಟಿನಲ್ಲಿರೋದು ಅಕ್ಕನ ಮಗ, ಅವನ ಹಾಸ್ಟೆಲ್ ಹುಡುಗರು, ಮೈಸೂರಿನ ಒಬ್ಬ ಹಳೇ ಗೆಳೆಯ. ಮಿತಿ ದಾಟೋ ಭಯ ಈ ಜನ್ಮದಲ್ಲಿ ಇಲ್ಲ. ಹಿನ್ನೆಲೆ ಚಿತ್ರಕ್ಕಂತೂ ಬ್ಯಾಡ್ಜ್ ಬೇಕಾಗೇ ಇಲ್ಲ. 2020ರಿಂದ ಪಾಯಿಂಟ್ಸ್ ಶಾಪ್ ಇದೆ, ಗೇಮ್ ಕೊಂಡಾಗ ತಾನಾಗಿ ಬರೋ ಪಾಯಿಂಟ್‌ನಲ್ಲೇ ಅಂಥ ಚಿತ್ರ, ಎಮೋಟಿಕಾನ್ ತಗೋಬಹುದು. ಆ ಪಾಯಿಂಟ್‌ಗಳನ್ನ ಮಾರೋಕಂತೂ ಆಗಲ್ಲ, ಅಲಂಕಾರಕ್ಕೆ ಅವನ್ನೇ ಖರ್ಚು ಮಾಡಿ.

ಅಳಿಯ, ಅದೇ ಅಕ್ಕನ ಮಗ, ಇದನ್ನ ಒಪ್ಪಲ್ಲ. ಇಲ್ಲೇ ಇಂಜಿನಿಯರಿಂಗ್ ಓದ್ತಾ ಇದಾನೆ. ಅವನ ಪ್ರೊಫೈಲ್ ತೆರೆದರೆ ಜಾತ್ರೆ.

"ಮಾವ, ನೀನು ಎಲ್ಲಾನೂ ದುಡ್ಡಲ್ಲೇ ಅಳೀತೀಯ. ನೋಡಕ್ಕೆ ಚೆಂದಾಗಿರ್ಬೇಡ್ವಾ?"

"ಯಾರ್ ನೋಡ್ತಾರೆ ಕಣ್ಲಾ ನಿನ್ ಪ್ರೊಫೈಲು?"

"ಯಾರೂ ನೋಡ್ದಿದ್ರೆ ಬುಡು, ನಾನೇ ನೋಡ್ಕತೀನಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇಷ್ಟಕ್ಕೆ ಖರ್ಚು ಮಾಡ್ತೀನಿ ಅಂದ್ರೆ ಮಾಡಲಿ. ಅದನ್ನ ಖರ್ಚಿನ ಕಾಲಂನಲ್ಲಿ ಬರೆಯಲಿ, ಆದಾಯದಲ್ಲಿ ಬೇಡ ಅನ್ನೋದಷ್ಟೇ ನನ್ನ ಹಟ. ಅವನಮ್ಮನಿಗೆ ಬೇರೆಯದೇ ಚಿಂತೆ. "ಇದೂ ರಮ್ಮಿ ಥರದ್ದೇ ಏನೋ?" ಅಂತ ನನ್ನ ಕೇಳ್ತಾಳೆ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳಿಗೆ ಕೇಂದ್ರದ ಕಾನೂನು ಬಂದಾಗಿನಿಂದ ಅವಳಿಗೆ ಮೊಬೈಲ್ ಕಂಡರೂ ಅನುಮಾನ, ಕಂಪ್ಯೂಟರ್ ಕಂಡರೂ ಅನುಮಾನ. ರಮ್ಮಿ ಅಲ್ಲಕ್ಕ ಅಂತ ಹೇಳಿ ಹೇಳಿ ಸಾಕಾಗಿದೆ.

ಈ ಅಳಿಯ ರಾತ್ರಿಯಿಡೀ ಕಂಪ್ಯೂಟರ್ ಹಚ್ಚಿಟ್ಟು ಮಲಗ್ತಿದ್ದ ಕಾಲವೊಂದಿತ್ತು. ಆಡದೇ ಆಡಿದ ಹಾಗೆ ಸ್ಟೀಮ್‌ಗೆ ತೋರಿಸೋ ಸಾಫ್ಟ್‌ವೇರ್ ಇವೆ, ಕಾರ್ಡ್ ಬೀಳ್ತಾ ಇರುತ್ತೆ. ಕರೆಂಟ್ ಬಿಲ್ ಅಂದ್ರೆ "ಗೃಹಜ್ಯೋತಿ ಐತಲ್ಲ ಮಾವ" ಅಂದ. ಗೃಹಜ್ಯೋತಿ ಅಂದ್ರೆ ಎಲ್ಲರಿಗೂ ಸೀದಾ 200 ಯೂನಿಟ್ ಅಲ್ಲ, ಮನೆಯ ಹಿಂದಿನ ಸರಾಸರಿ ಬಳಕೆ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿರ್ತಾರೆ. 100 ವ್ಯಾಟ್ ಎಳೆಯೋ ಕಂಪ್ಯೂಟರ್ ಹತ್ತು ಗಂಟೆ ಉರಿದರೆ ಒಂದು ಯೂನಿಟ್. ಮಿತಿ ದಾಟಿದ ಯೂನಿಟ್‌ಗೆ ಚೆಸ್ಕಾಂನವರು ದುಡ್ಡು ತಗೊಳ್ತಾರೆ. ಆದರೂ ಮೊದಮೊದಲು ಲೆಕ್ಕ ಸ್ವಲ್ಪ ಗಿಟ್ಟುತ್ತೆ ಅನ್ನಬೇಕು. ಆಮೇಲೆ ಇರೋ ಗೇಮ್‌ಗಳ ಕಾರ್ಡ್ ಎಲ್ಲ ಬಿದ್ದು ಮುಗಿಯುತ್ತೆ, ಕಂಪ್ಯೂಟರ್ ಸುಮ್ಮನೆ ಉರಿಯುತ್ತೆ. ಇಂಥ ಆಸೆಗೇ ಬರೀ ಕಾರ್ಡ್ ಬೀಳಿಸೋಕೆ ಅಂತ ತಿರುಳಿಲ್ಲದ ಹುಸಿ ಗೇಮ್‌ಗಳು ಸ್ಟೀಮ್ ತುಂಬ ಹುಟ್ಟಿಕೊಂಡಿದ್ದವು. 2017ರಲ್ಲಿ ವಾಲ್ವ್ ಅದಕ್ಕೆ ಕಡಿವಾಣ ಹಾಕ್ತು: ನಿಜವಾದ ಜನ ಆಡ್ತಿದ್ದಾರೆ ಅಂತ ಖಾತ್ರಿ ಆಗೋವರೆಗೂ ಆ ಗೇಮ್‌ನಲ್ಲಿ ಕಾರ್ಡ್ ಬೀಳಲ್ಲ. ಒಳ್ಳೇ ಕೆಲಸ.

ಕಾರ್ಡ್ ನಾಲ್ಕು ರೂಪಾಯೀದು, ಹೋದರೆ ಹೋಯ್ತು. ಸಾವಿರ, ಲಕ್ಷದ ಸರಕೂ ಇದೇ ಮಾರ್ಕೆಟ್‌ನಲ್ಲಿದೆ. ಕೌಂಟರ್-ಸ್ಟ್ರೈಕ್ 2 ಅನ್ನೋ ಗುಂಡು ಹಾರಿಸೋ ಆಟದೊಳಗಿನ ಚಾಕುಗಳನ್ನ ಚಿನ್ನದ ಹಾಗೆ ಇಟ್ಟುಕೊಂಡವರಿದ್ರು. 2025ರ ಅಕ್ಟೋಬರ್‌ನಲ್ಲಿ ಒಂದು ಅಪ್‌ಡೇಟ್ ಬಂತು, ಕೆಂಪು ದರ್ಜೆಯ ಐದು ಸ್ಕಿನ್ (ಆಟದ ಆಯುಧಕ್ಕೆ ಹಾಕೋ ಬಣ್ಣದ ಅಲಂಕಾರ) ಕೊಟ್ಟರೆ ಒಂದು ಚಾಕು ಅಥವಾ ಗ್ಲೌಸ್ ಮಾಡಿಕೊಳ್ಳಬಹುದು ಅಂತ. ಚಾಕುಗಳ ಬೆಲೆ ಧಡ್ ಅಂತ ಬಿತ್ತು, ಕೆಂಪು ಸ್ಕಿನ್ನಿನ ಬೆಲೆ ಏರ್ತು. ಮಾಲಿನ ಬೆಲೆ ಮಳೆಗೂ ಬೆಳೆಗೂ ಬದಲಾಗಲಿಲ್ಲ, ಒಂದು ಕಂಪನಿ ನಿಯಮ ಬದಲಿಸಿದ್ದಕ್ಕೆ ಬದಲಾಯ್ತು. ಪಬ್‌ಜಿ ಮೊಬೈಲ್ ಆಡ್ತಿದ್ದ ಹುಡುಗರಿಗೆ ಇದು ಹೊಸದಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬ್ಯಾನ್, ಅಕ್ಟೋಬರ್ 30ಕ್ಕೆ ಸರ್ವರ್ ಬಂದ್. ದುಡ್ಡು ಸುರಿದು ಕೊಂಡಿದ್ದ ಅಂಗಿ, ಬಂದೂಕು ಎಲ್ಲ ಅಲ್ಲೇ. ಮರುವರ್ಷ ಅದರ ಭಾರತದ ಆವೃತ್ತಿ ಬಿಜಿಎಂಐ ಬಂದಾಗ ಹಳೇ ಡೇಟಾ ವರ್ಗ ಮಾಡಿಕೊಳ್ಳೋ ಅವಕಾಶ ಕೊಟ್ಟರು, ಮಾಡಿಕೊಂಡವರಿಗೆ ಸಾಮಾನು ವಾಪಸ್ ಬಂತು.

ಮಾರೋಕೆ ಆಗದ, ಕೊಳ್ಳೋಕೂ ಆಗದ ರಿವಾರ್ಡ್ ಒಂದಿದೆ: ಅಚೀವ್‌ಮೆಂಟು, ಅಂದ್ರೆ ಆಟದಲ್ಲಿ ಏನಾದರೂ ಸಾಧಿಸಿದ್ದಕ್ಕೆ ಸಿಗೋ ಗುರುತು. ಸ್ಟೀಮ್‌ನಲ್ಲಿ 2007ರಿಂದ ಇದೆ. ಆಡಿದವರಲ್ಲಿ ನೂರಕ್ಕೆ ಎಷ್ಟು ಜನ ಅದನ್ನ ಮಾಡಿದ್ದಾರೆ ಅಂತ ಪಕ್ಕದಲ್ಲೇ ತೋರಿಸ್ತಾರೆ. ಪೈಸೆ ಖರ್ಚಿಲ್ಲ, ಕಮಿಷನ್ ಇಲ್ಲ. ಬೇಸಾಯದ ಆಟದಲ್ಲಿ ಸಾಲ ಮಾಡದೇ ಪೂರ್ತಿ ಜಮೀನು ಕೊಂಡಿದ್ದಕ್ಕೆ ನನಗೆ ಒಂದು ಬಂತು, ಅಳಿಯನಿಗೆ ಫೋನ್ ಮಾಡಿ ಹೇಳಿದೆ. ಈ ಕಾರ್ಡ್‌ಗಳಿಂದ ಅಷ್ಟು ಖುಷಿ ಒಂದು ದಿನವೂ ಆಗಿಲ್ಲ.

ಈ ಕಾರ್ಡ್ ವ್ಯವಸ್ಥೆಗೆ ಐದಕ್ಕೆ ಎರಡೂವರೆ ಅಂಕ ಕೊಡ್ತೀನಿ. ಎರಡು ಅಂಕ ಮಾರಿಕೊಳ್ಳೋಕೆ ಬಿಟ್ಟಿದ್ದಕ್ಕೆ, ಅರ್ಧ ಚಿತ್ರ ಬರೆದ ಕಲಾವಿದರಿಗೆ. ಮಾರೋಕೆ ಹೊರಟವರಿಗೆ ಇನ್ನೊಂದು ಮಾತು. ಅಪರೂಪಕ್ಕೆ ಹೊಳೆಯೋ ಅಂಚಿನ ಫಾಯಿಲ್ ಕಾರ್ಡ್ ಬರುತ್ತೆ, ಸಾಮಾನ್ಯವಾಗಿ ಅದಕ್ಕೆ ಮಾಮೂಲಿ ಕಾರ್ಡಿಗಿಂತ ಹೆಚ್ಚಿನ ರೇಟು. 'ಜೆಮ್ಸ್ (ಸ್ಟೀಮ್‌ನೊಳಗೆ ನಡೆಯೋ ಬಿಲ್ಲೆ) ಆಗಿ ಬದಲಿಸು' ಅನ್ನೋ ಬಟನ್ ಒತ್ತೋ ಮುಂಚೆ ಮಾರ್ಕೆಟ್ ಬೆಲೆ ನೋಡಿಕೊಳ್ಳಿ. ಒಮ್ಮೆ ಜೆಮ್ಸ್ ಆದರೆ ಕಾರ್ಡ್ ವಾಪಸ್ ಬರಲ್ಲ.