ಊರ್ವಶಿನಾ, ಸಂತೋಷ್‌ನಾ, ಮಾಲ್‌ನಾ?

ಬೆಂಗಳೂರಿಗೆ ಹೊಸದಾಗಿ ಬಂದಿದೀನಿ, ಸಿನಿಮಾಗೆ ಎಲ್ಲಿ ಹೋಗ್ಲಿ ಅಂತ ಕೇಳಿದ್ರಲ್ಲ, ಯಾರ ಜೊತೆ, ಯಾಕೆ ಹೋಗ್ತೀರಾ ಅನ್ನೋದರ ಮೇಲಿದೆ ಅದು.

ದುಡ್ಡು ಉಳಿಸ್ಬೇಕು ಅಂದ್ರೆ ಸಿಂಗಲ್ ಸ್ಕ್ರೀನೇ ಸೈ, ಅಂದ್ರೆ ಒಂದೇ ಪರದೆ ಇರೋ ಥಿಯೇಟರು. ಲಾಲ್‌ಬಾಗ್ ರೋಡಿನ ಊರ್ವಶಿ, ಕೆಜಿ (ಕೆಂಪೇಗೌಡ) ರೋಡಿನ ಸಂತೋಷ್, ಎರಡೂ ಮಾಲ್‌ಗಿಂತ ಸಾಮಾನ್ಯವಾಗಿ ಅಗ್ಗ, ಮಾಲ್‌ನಲ್ಲಿ ಟಿಕೆಟ್ ಬಿಡಿ, ಇಂಟರ್ವಲ್‌ನಲ್ಲಿ ಮಕ್ಕಳು ಪಾಪ್‌ಕಾರ್ನ್ ಅಂದ್ರೆ ಮುಗೀತು ಕಥೆ.

ಸೌಂಡು, ಪರದೆ ಮುಖ್ಯ ಅನ್ನೋರಿಗೆ ನಾನು ಹೇಳೋದು ಊರ್ವಶಿ. ದೊಡ್ಡ ಪರದೆ, ಸುತ್ತಲಿಂದ, ಮೇಲಿಂದಲೂ ಸೌಂಡು ಬರೋ ಡಾಲ್ಬಿ ಅಟ್ಮಾಸ್ ಇದೆ, ಜೊತೆಗೆ ಹಳೇ ಕಾಲದ ಬಾಲ್ಕನಿ, ಅಲ್ಲಿಂದ ಕೆಳಗಿನ ಜನರ ಗಲಾಟೆ ನೋಡೋದೂ ಒಂದು ಸಿನಿಮಾನೇ ಬಿಡಿ. ಆದ್ರೆ ದೈತ್ಯ ಪರದೆಯ ಐಮ್ಯಾಕ್ಸ್‌ನಲ್ಲೇ ನೋಡ್ಬೇಕು ಅಂದ್ರೆ ಕೋರಮಂಗಲದ ಮಾಲ್‌ನಲ್ಲಿರೋ ಪಿವಿಆರ್ ಮಲ್ಟಿಪ್ಲೆಕ್ಸ್, ಅಲ್ಲಿ ಐಮ್ಯಾಕ್ಸ್ ಸೇರಿ 11 ಸ್ಕ್ರೀನ್ ಇದಾವೆ, ಒಂದು ಶೋ ತಪ್ಪಿದ್ರೂ ಬೇರೆ ಸ್ಕ್ರೀನಲ್ಲಿ ಇನ್ನೊಂದು ಸಿಗಬಹುದು.

ಸ್ಟಾರ್ ಸಿನಿಮಾ, ಫಸ್ಟ್ ಡೇ ಅಂದ್ರೆ ಮಾತ್ರ ಸಂತೋಷ್ ಬಿಟ್ಟು ಬೇರೆ ಕಡೆ ಹೋಗ್ಬೇಡಿ. ಕಟೌಟು, ಹಾರ, ಪಟಾಕಿ, ಡೊಳ್ಳು, ಹೀರೋ ಎಂಟ್ರಿಗೆ ಶಿಳ್ಳೆ ಹೊಡ್ದು ಡೈಲಾಗೇ ಕೇಳ್ಸಲ್ಲ, ಕಥೆ ಅರ್ಥ ಆಗ್ಬೇಕು ಅಂದ್ರೆ ಎರಡನೇ ವಾರ ಹೋಗಿ. ಮೆಜೆಸ್ಟಿಕ್ ಮೆಟ್ರೋದಿಂದ ನಡ್ಕೊಂಡೇ ಬರಬಹುದು, ಗಾಡಿ ತರಬೇಡಿ.

ವಯಸ್ಸಾದೋರು, ಚಿಕ್ಕ ಮಕ್ಕಳು ಇದ್ರೆ ಮಾಲೇ ಸಲೀಸು, ಲಿಫ್ಟು, ಪಾರ್ಕಿಂಗ್ ಎಲ್ಲ ಇರುತ್ತೆ. ಕನ್ನಡ ಬರದ ಆಫೀಸ್ ಫ್ರೆಂಡ್ಸ್‌ನ ಕನ್ನಡ ಸಿನಿಮಾಗೆ ಎಳ್ಕೊಂಡು ಹೋಗೋದಿದ್ರೂ ಅಷ್ಟೇ, ಸಬ್‌ಟೈಟಲ್ ಸಿಗೋ ಚಾನ್ಸ್ ಅಲ್ಲೇ ಜಾಸ್ತಿ. ಕೋರಮಂಗಲ ಟ್ರಾಫಿಕ್‌ಗೆ ಮಾತ್ರ ಒಂದು ಗಂಟೆ ಮೊದಲೇ ಹೊರಡಿ.